ಕೊನೆಯ ಅಧ್ಯಾಯದ ಮುಂಚೆ

ಆಗಸ್ಟ್ ೧೫, ಕ್ಯೋಟೊ

ಬಟ್ಟೆಗೆ ಹತ್ತಿದ ಊದುಬತ್ತಿಯ ವಾಸನೆ ಇನ್ನೂ ಹೋಗಿಲ್ಲ.

ಗುರುಗಳು ತೀರಿಕೊಂಡ ಮೇಲೆ ಇದು ಮೊದಲ ಓಬೊನ್. ತೀರಿಕೊಂಡ ಹಿರಿಯರು ಮನೆಗೆ ಮರಳುವ ದಿನಗಳು. ಗುರುಗಳ ಮನೆಯಲ್ಲಿ ಅವರ ಫೋಟೊದ ಮುಂದೆ ನನ್ನ ಹೊಸ ಪತ್ತೇದಾರಿ ಕಾದಂಬರಿ ಇಟ್ಟು ಕೈಮುಗಿದೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಎಲ್ಲರೂ ನನ್ನ ಪ್ರಾಚೀನ ಕಾವ್ಯದ ಲೇಖನಗಳ ಬಗ್ಗೆಯಷ್ಟೇ ಮಾತಾಡುತ್ತಾರೆ; ಕೊಲೆಗಳ ಸುದ್ದಿ ಎತ್ತುವುದಿಲ್ಲ. ಗುರುಗಳೂ ಎಂದೂ ಎತ್ತಲಿಲ್ಲ. ಓದುವುದಿಲ್ಲ ಎಂದೇ ತಿಳಿದಿದ್ದೆ.

ಅವರ ಹೆಂಡತಿ ಫುಸಾಎ ಅಮ್ಮ ಕಪಾಟು ತೆರೆದರು. ನನ್ನ ಅಷ್ಟೂ ಕಾದಂಬರಿಗಳು ಅಲ್ಲಿದ್ದವು. ಪ್ರತಿಯೊಂದರಲ್ಲೂ ಗುರುತಿನ ದಾರ ಕೊನೆಯ ಅಧ್ಯಾಯದ ಮುಂಚೆ ನಿಂತಿತ್ತು.

"ಅಲ್ಲಿಗೇ ನಿಲ್ಲಿಸ್ಬಿಡೋರು ಕಣೇ. ಕೊಲೆಗಾರ ಯಾರು ಅಂತ ಅವಳೇ ಬಂದು ಹೇಳ್ಲಿ ಅನ್ನೋರು. ಬಾಯ್ಬಿಟ್ಟು ಕೇಳೋಕೆ ಮಾತ್ರ ಬಿಗುಮಾನ!"

ನಾನು ಫೋಟೊದ ಕಡೆ ಬಗ್ಗಿ, ಹೊಸ ಕಾದಂಬರಿಯ ಕೊಲೆಗಾರನಿಂದಲೇ ಹೇಳಲು ಶುರುಮಾಡಿದೆ.

"ತಡಿಯೇ, ತಡಿ!" ಅಮ್ಮ ಕಿವಿ ಮುಚ್ಚಿಕೊಂಡರು. "ಅದನ್ನ ನಾನಿನ್ನೂ ಓದಿಲ್ಲ!"

ಇಬ್ಬರೂ ನಕ್ಕೆವು. ಅವರು ಚಹಾ ತರಲು ಒಳಗೆ ಹೋದಾಗ ಎಲ್ಲ ಕೊಲೆಗಾರರ ಹೆಸರನ್ನೂ ಒಂದೊಂದಾಗಿ ಹೇಳಿದೆ. "ಥೂ, ನನಗೆ ಮೊದಲೇ ಗೊತ್ತಿತ್ತು" ಎಂದು ಗುರುಗಳು ಅನ್ನಬೇಕಿತ್ತು. ಊದುಬತ್ತಿ ಉರಿದು ಮುಗಿಯುವವರೆಗೂ ಕಾದೆ.