ನನ್ನ ತಂಗಿ ಮೌನವಾಗಿರಲಿಲ್ಲ

ಮಾನ್ಯ ವಿಚಾರಣಾಧಿಕಾರಿಗಳೇ,

ಗಿರಣಿಯ ಯಂತ್ರದಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡ ನನ್ನ ತಂಗಿ ತಮಿಳರಸಿಯ ಅರ್ಜಿಯನ್ನು ವಜಾ ಮಾಡುತ್ತ, ‘ಮುಖ್ಯ ಪ್ರಶ್ನೆಗೆ ಅರ್ಜಿದಾರರು ಮೌನ ವಹಿಸಿದರು’ ಎಂದು ತಾವು ಬರೆದಿದ್ದೀರಿ. ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಬಾಯಿ ಬಾರದು. ಅವಳು ಮಾತಾಡುವುದೇ ಕೈಯಿಂದ. ಅಂದು ಅವಳು ಉತ್ತರ ಹೇಳಿದಳು; ನಾನು ಪಕ್ಕದಲ್ಲೇ ಕುಳಿತು ನೋಡಿದೆ. ತಮಗೆ ಕಾಣಲಿಲ್ಲ. ಕಾಣದೆ ಹೋದದ್ದನ್ನು ಹೇಳಲೇ ಇಲ್ಲ ಎಂದು ಬರೆಯಬಹುದೇ ಎಂಬುದಷ್ಟೇ ನನ್ನ ತಕರಾರು.

ಇದನ್ನೇ ತಮಿಳಿನಲ್ಲಿ ಬರೆದು ಕಳಿಸಿದೆ, ಇಂಗ್ಲಿಷಿನಲ್ಲೂ ಕಳಿಸಿದೆ. ಹೇಗೂ ಓದುವುದಿಲ್ಲವೆಂದ ಮೇಲೆ, ಈ ಕಣಿವೆಯಲ್ಲಿ ನಮ್ಮ ಮನೆಗಳವರು ತಲೆತಲಾಂತರದಿಂದ ಆಡಿಕೊಂಡು ಬಂದ ಕನ್ನಡದಲ್ಲೇ ಬರೆಯೋಣ ಎನ್ನಿಸಿತು. ಅಕ್ಷರ ಕಲಿತದ್ದು ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ. ಈಗ ಕಂಬಂನ ಒಂದು ಇಂಟರ್ನೆಟ್ ಕಂಪನಿಯಲ್ಲಿ ಲೈನ್ ಸರಿಮಾಡುವುದು ನನ್ನ ಕೆಲಸ.

ಅಂದು ತಾವೂ ಸನ್ನೆ ಭಾಷೆಯ ದುಭಾಷಿಯೂ ದಿಂಡಿಗಲ್‌ನಲ್ಲಿದ್ದಿರಿ. ನಾವು ಥೇಣಿಯ ಕಚೇರಿಯ ಕೋಣೆಯಲ್ಲಿ ಪರದೆಯ ಮುಂದೆ ಕುಳಿತಿದ್ದೆವು. ಬಡವರು ಅಷ್ಟು ದೂರ ಬರುವ ಕಷ್ಟ ತಪ್ಪಲಿ ಎಂದು ಈ ಏರ್ಪಾಡು ಎಂದು ಹೇಳಿದಿರಿ. ಉಪಕಾರ ದೊಡ್ಡದು. ತಾವು ಕೇಳಿದಿರಿ: ‘ಹತ್ತಿ ಹಿಂಜುವ ಯಂತ್ರದ ಮುಚ್ಚಳವನ್ನು ನೀವೇ ತೆಗೆದಿರಾ?’ ದುಭಾಷಿ ಅದನ್ನು ಕೈಯಲ್ಲಿ ತಿಳಿಸಿದರು. ತಂಗಿ ಉತ್ತರ ಶುರುಮಾಡಿದಳು. ಇಲ್ಲದ ಬೆರಳುಗಳ ಕೆಲಸವನ್ನು ಅವಳು ಎಡಗೈಗೆ ಕಲಿಸಿಕೊಂಡಿದ್ದಾಳೆ, ಹಾಗಾಗಿ ಸ್ವಲ್ಪ ನಿಧಾನ. ಅವಳು ಹೇಳಿದ್ದು ಇಷ್ಟು: ಮುಚ್ಚಳ ಮೊದಲೇ ಇರಲಿಲ್ಲ, ಕಸ ಬೇಗ ತೆಗೆಯಲಿ ಎಂದು ಸೂಪರ್‌ವೈಸರ್ ಅದನ್ನು ಕಳಚಿ ಗೋಡೆಗೆ ಒರಗಿಸಿದ್ದ, ಹಾಕು ಎಂದು ನಾನು ಸನ್ನೆ ಮಾಡಿದೆ, ಅವನು ಅದೇ ಸನ್ನೆಯನ್ನು ಅಣಕಿಸಿ ನಕ್ಕ.

ಪರದೆಯ ಮೂಲೆಯಲ್ಲಿ ನಮ್ಮ ಚಿತ್ರವೂ ಕಾಣುತ್ತಿತ್ತು. ಅದು ಚೆನ್ನಾಗಿಯೇ ಇತ್ತು, ಏಕೆಂದರೆ ಅದು ಆ ಕೋಣೆ ಬಿಟ್ಟು ಎಲ್ಲಿಗೂ ಹೋಗಬೇಕಿರಲಿಲ್ಲ. ದುಭಾಷಿ ಮಾತ್ರ ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದರು. ‘ಕೈ ಎತ್ತಿದ್ದಾರೆ ಸರ್, ಹಾಗೇ ಇದ್ದಾರೆ’ ಎಂದರು. ನನಗೆ ತಕ್ಷಣ ಅರ್ಥವಾಯಿತು. ಎದ್ದು, ‘ಸರ್, ಲೈನ್‌ನಲ್ಲಿ ತೊಂದರೆ ಇದೆ, ಚಿತ್ರ ನಿಂತುಹೋಗಿದೆ. ಅವಳು ಹೇಳುತ್ತಿದ್ದಾಳೆ’ ಎಂದೆ.

‘ನೀವು ಯಾರಮ್ಮಾ?’ ಎಂದಿರಿ ತಾವು.

‘ಅಕ್ಕ.’

‘ಅಕ್ಕ ಹೇಳಿಕೊಡುವ ಹಾಗಿಲ್ಲ. ಉಕ್ಕಾರುಂಗ, ಕುಳಿತುಕೊಳ್ಳಿ.’

ಕುಳಿತೆ. ತಂಗಿ ಇನ್ನೂ ಹೇಳುತ್ತಲೇ ಇದ್ದಳು. ತಾವು ಮುಂದಿನ ಪ್ರಶ್ನೆಗೆ ಹೋದಿರಿ.

ಆದೇಶ ಉತ್ತಮಪಾಳಯದ ಮನೆಗೆ ಬಂದಾಗ ನಮ್ಮ ತಾಯಿ ಪಿಚ್ಚೈಯಮ್ಮಾಳ್ ಬಾಳೆಕಾಯಿ ಹೆಚ್ಚುತ್ತಿದ್ದಳು. ‘ಏನ್ ಬರ್ದವ್ರೆ?’ ಎಂದಳು.

‘ಇವ್ಳು ಸುಮ್ನೆ ಕುಂತಿದ್ಳು ಅಂತ.’

‘ಅಷ್ಟೊತ್ತು ಕೈ ಆಡ್ಸಿದ್ಳು ಅಂದ್ಯಲ್ಲ. ಅದೆಲ್ಲಾ ಎಲ್ಲಿ ಪೋತು?’

ಅವಳು ಮತ್ತೆ ಹೆಚ್ಚತೊಡಗಿದಳು. ತಂಗಿ ಕಾಗದ ಇಸಕೊಂಡು ಓದಿ, ಮಡಿಸಿ, ಕಪಾಟಿನ ಮೇಲಿಟ್ಟಳು. ಯಾರೂ ಅಳಲಿಲ್ಲ. ಅಂದಿನಿಂದ ನನಗೂ ಸಿಟ್ಟು ಬಂದಿಲ್ಲ. ಬಂದಿದ್ದರೆ ಈ ಪತ್ರ ಇನ್ನೂ ಚೆನ್ನಾಗಿರುತ್ತಿತ್ತೇನೋ.

ಲೈನ್ ಪರೀಕ್ಷಿಸಿ ಎಂದು ದೂರು ಕೊಟ್ಟೆ. ತಮ್ಮ ಕಚೇರಿಯವರು ಪರೀಕ್ಷಿಸಿ, ‘ಹಸಿರು ದೀಪ ಉರಿಯುತ್ತಿದೆ, ಸಂಪರ್ಕ ಸರಿಯಾಗಿದೆ’ ಎಂದು ದೂರನ್ನು ಮುಚ್ಚಿದರು. ಉಸಿರಾಡುತ್ತಿರುವವನಿಗೆಲ್ಲ ಆರೋಗ್ಯ ಸರಿಯಿದೆ ಎನ್ನುವ ವೈದ್ಯರ ಬಳಿ ತಾವು ಹೋಗುತ್ತೀರಾ ಸ್ವಾಮಿ?

ಆಮೇಲೆ, ಬೇರೊಂದು ವಿಚಾರಣೆಯಲ್ಲಿ ಗಿರಣಿಯವರ ವಕೀಲರ ಚಿತ್ರವೂ ನಿಂತುಹೋಯಿತಂತೆ. ಆಗ ಕಚೇರಿಯೇ ನಮ್ಮ ಕಂಪನಿಯನ್ನು ಕರೆಯಿತು. ನಮ್ಮಲ್ಲಿ ಆ ಕೆಲಸ ಬಲ್ಲವಳು ನಾನು, ನನ್ನನ್ನೇ ಕಳಿಸಿದರು. ಬಸ್ ಹತ್ತಿ ಥೇಣಿಗೆ ಹೋದೆ. ಅದೇ ಕೋಣೆ. ಅಟೆಂಡರ್ ಕರುಪ್ಪಯ್ಯನವರಿಗೆ ನನ್ನ ಗುರುತು ಹತ್ತಲಿಲ್ಲ. ‘ಪಚ್ಚೈ ಲೈಟ್ ಎರಿಯುದೇ ಮೇಡಂ, ಹಸಿರು ಇದೆಯಲ್ಲ, ಇನ್ನೇನು?’ ಎಂದರು.

ಮೇಜಿನ ಕೆಳಗೆ ಧೂಳು ಹಿಡಿದ ಮೀಡಿಯಾ ಕನ್ವರ್ಟರ್ ಇತ್ತು. ನೆಲದಡಿಯ ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ಮಾಮೂಲಿ ತಂತಿಗೆ ಬದಲಿಸಿಕೊಡುವ ಅಂಗೈಯಗಲದ ಪೆಟ್ಟಿಗೆ ಅದು. ಅದರ ಬೆನ್ನಿಗೆ ಉಗುರಿನಲ್ಲಿ ಸರಿಸುವಂಥ ಸಣ್ಣ ಸ್ವಿಚ್ಚುಗಳಿವೆ. ತಂತಿಯ ಆ ತುದಿಯಲ್ಲಿರುವ ಪೆಟ್ಟಿಗೆಯೊಂದಿಗೆ ಮಾತಾಡಿ ವೇಗವನ್ನೂ ರೀತಿಯನ್ನೂ ಹೊಂದಿಸಿಕೋ ಎಂದು ಇಡಬೇಕಾದ ಸ್ವಿಚ್ಚನ್ನು ಯಾರೋ ‘ಹೊಂದಿಸಿಕೊಳ್ಳಬೇಡ’ ಎಂಬ ಕಡೆಗೆ ಸರಿಸಿದ್ದರು. ಹೀಗಾದಾಗ, ಇಬ್ಬರೂ ಒಟ್ಟಿಗೆ ಮಾತಾಡಬಹುದು ಎಂದು ಒಂದು ಪೆಟ್ಟಿಗೆ ತಿಳಿದಿರುತ್ತದೆ. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂದು ಇನ್ನೊಂದು ನಂಬಿರುತ್ತದೆ. ಈ ಎರಡನೆಯದು ಎದುರಿನ ದನಿ ಕೇಳಿದೊಡನೆ ತನ್ನ ಮಾತನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ. ಆ ಕಡೆ ಇದ್ದೀಯಾ ಎಂದು ಕೇಳುವ ಚಿಕ್ಕ ಸಂದೇಶಗಳೆಲ್ಲ ಸಲೀಸಾಗಿ ಹೋಗಿಬರುತ್ತವೆ. ದೀಪವೂ ಹಸಿರಾಗಿರುತ್ತದೆ. ಎರಡೂ ಕಡೆಯಿಂದ ಚಿತ್ರ ಹರಿಯತೊಡಗಿದಾಗ ಮಾತ್ರ ತುಣುಕುಗಳು ಬಿದ್ದುಹೋಗುತ್ತವೆ. ಬೇರೆಯವರಿಗೆ ಚಿತ್ರ ನಿಂತರೂ ಒಂದಿಷ್ಟು ಧ್ವನಿ ಉಳಿಯುತ್ತದೆ. ನನ್ನ ತಂಗಿಗೆ ಚಿತ್ರವೇ ಧ್ವನಿ.

ಸ್ವಿಚ್ಚನ್ನು ಸರಿಸಿದೆ, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚಿದೆ. ದಿಂಡಿಗಲ್‌ನಿಂದ ಯಾರೋ ಪರದೆಯ ಮೇಲೆ ಬಂದು ಕೈಬೀಸಿದರು. ಪ್ರತಿಯೊಂದು ಬೆರಳೂ ಕಂಡಿತು. ‘ಈಗ ಸೂಪರ್ ಮೇಡಂ’ ಎಂದರು ಕರುಪ್ಪಯ್ಯ, ಟೀ ತರಿಸಿದರು. ಕುಡಿದು ಬಂದೆ.

ಮನೆಗೆ ಬಂದು ತಂಗಿಗೆ ಹೇಳಿದೆ. ನಮ್ಮ ಮನೆಯ ಸನ್ನೆಗಳಲ್ಲಿ ಇಂಥ ದೋಷಕ್ಕೆ ಪದವಿಲ್ಲ. ಎರಡು ಮುಷ್ಟಿ ಮಾಡಿ ಒಂದಕ್ಕೊಂದು ಡಿಕ್ಕಿ ಹೊಡೆಸಿ ತೋರಿಸಿದೆ. ಅವಳು ನೋಡಿ ತಲೆದೂಗಿದಳು. ಈಗ ಅಲ್ಲಿ ಯಾರು ಮಾತಾಡುತ್ತಾರೆ ಎಂದು ಕೇಳಿದಳು. ಗಿರಣಿಯ ವಕೀಲರು ಎಂದೆ. ಅವಳು ಬಟ್ಟೆ ಒಣಹಾಕಲು ಹೋದಳು.

ಯಾರೋ ಬೇಕೆಂದೇ ಆ ಸ್ವಿಚ್ಚು ಸರಿಸಿದರು ಎಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯ ಮೇಲೆ ನನಗೆ ದೂರೂ ಇಲ್ಲ, ಅದಕ್ಕೆ ಹೇಳಿದಂತೆ ಅದು ಮಾಡಿತು. ಆದರೆ ಚಿತ್ರ ನಿಂತಿದೆ ಎಂದು ಒಬ್ಬಳು ಎದ್ದು ನಿಂತು ಹೇಳಿದಾಗ ಕೂರಿಸಿದ್ದು ಪೆಟ್ಟಿಗೆಯಲ್ಲ. ‘ಕಾಣಲಿಲ್ಲ’ ಎಂದು ಬರೆಯಬಹುದಾಗಿದ್ದ ಜಾಗದಲ್ಲಿ ‘ಮೌನ ವಹಿಸಿದರು’ ಎಂದು ಬರೆದದ್ದೂ ಪೆಟ್ಟಿಗೆಯಲ್ಲ.

ಆದ್ದರಿಂದ ಆ ಸಾಲನ್ನು ತಾವೇ ಹೊಡೆದುಹಾಕಬೇಕು. ಅರ್ಜಿಯನ್ನು ಮತ್ತೆ ತೆರೆದು, ತಂಗಿಯನ್ನು ದಿಂಡಿಗಲ್‌ಗೆ ಕರೆಸಬೇಕು. ದೂರದ ಚಿಂತೆ ಬೇಡ, ಬಸ್ಸಿದೆ. ತಾವೂ ದುಭಾಷಿಯೂ ಅವಳ ಎದುರು ಕುರ್ಚಿ ಹಾಕಿಕೊಂಡು ಕುಳಿತು ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕು. ಅವಳು ಕೈ ಇಳಿಸುವ ತನಕ ನೋಡಬೇಕು.

ಇಂತಿ,
ತಮ್ಮ ಲೈನ್ ಸರಿಮಾಡಿಕೊಟ್ಟು ಟೀ ಕುಡಿದು ಬಂದವಳು,
ಜೆಯಂತಿ
ಉತ್ತಮಪಾಳಯಂ