ಮೊದಲನೆಯದೊಂದೇ ಸಾಕು

ಮಾರ್ಚ್ ೯, ಭಾನುವಾರ

ನನ್ನ ಕೂಸೇ,

ನೀನು ನನ್ನ ತಂಗಿಯ ಮನೆಗೆ ಹೋಗಿ ಒಂದೂವರೆ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈದುಕೋ. ನಾಲ್ಕು ಸಲ ಬರೆದು ಹರಿದೆ. ಲೇತ್ ತಿರುಗಿಸುವ ಕೈಗೆ ಪೆನ್ನು ಒಗ್ಗುವುದಿಲ್ಲ ಅನ್ನಬಹುದು, ಆದರೆ ನಿಜ ಹೇಳಬೇಕೆಂದರೆ ನನಗೆ ಮುಖವಿರಲಿಲ್ಲ. ನಿನ್ನ ಅತ್ತೆ ಫೋನು ಮಾಡಿದ್ದಳು. ಶನಿವಾರ ಪರೀಕ್ಷೆಯಂತೆ, ಎಡಗಿವಿ ಇನ್ನೂ ಕೇಳಿಸುವುದಿಲ್ಲವಂತೆ. ಊಟ ಬಿಟ್ಟು ಓದಬೇಡ.

ಮೊನ್ನೆ ಕಾರ್ಖಾನೆಯಲ್ಲಿ ತಪಾಸಣೆಯವನು ನಾನು ಲೇತಿನಲ್ಲಿ ಕಡೆದ ಶಾಫ್ಟನ್ನು ಒಂದೇ ಸಲ ಅಳೆದು ಗುಜರಿ ಡಬ್ಬಿಗೆ ಎಸೆದ. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದೆ. "ಪೂರ್ತಿ ಅಳೀದೆ ಹೇಗೋ ಎಸೀತೀಯ?" ಅವನ ತುಟಿ ಒಡೆದಿತ್ತು. ಆದರೂ ಹೇಳಿದ: "ಇಪ್ಪತ್ತು ಎಂಎಂಗಿಂತ ಜಾಸ್ತಿ ಇರ್ಬೇಕಣ್ಣಾ, ಹತ್ತೊಂಬತ್ತೂ ಇಲ್ಲ. ಇನ್ನೇನು ಅಳೀಲಿ, ನನ್ನ ತಲೇನಾ?"

ಆಗ ಅವತ್ತಿನ ನಿನ್ನ ಲೆಕ್ಕ ನೆನಪಾಯಿತು. ಎಕ್ಸ್ ಐದಕ್ಕಿಂತ ಹೆಚ್ಚೇ, ಇಲ್ಲವೇ? ತೀರ್ಮಾನಕ್ಕೆ ಯಾವ ಮಾಹಿತಿ ಸಾಕು? ಮೊದಲನೆಯದು, ಎಕ್ಸಿನ ಮೂರರಷ್ಟು ಹನ್ನೆರಡಕ್ಕಿಂತ ಕಡಿಮೆ. ಎರಡನೆಯದು, ಎಕ್ಸ್ ಏಳಕ್ಕಿಂತ ಕಡಿಮೆ.

"ಮೊದಲನೇದೊಂದೇ ಸಾಕಪ್ಪಾ" ಅಂದೆ ನೀನು.

"ಎಕ್ಸ್ ನಾಲ್ಕಕ್ಕಿಂತ ಕಮ್ಮಿ ಬಂತಲ್ಲೇ! ಐದಕ್ಕಿಂತ ಹೆಚ್ಚಿಲ್ಲ ಅಂತಾಯ್ತು. ಇಲ್ಲ ಅಂತ ಬಂದ್ಮೇಲೆ ಸಾಕು ಹೇಗಾಗತ್ತೆ?" ಎಂದು ನಾನು ಕಿರುಚಿದೆ.

"ಖಡಾಖಂಡಿತ ಇಲ್ಲ ಅಂತ ಗೊತ್ತಾದ್ರೆ ಅದೂ ಉತ್ತರಾನೇ. ಇರಬಹುದು, ಇಲ್ದೇನೂ ಇರಬಹುದು ಅಂತ ಬಂದ್ರೆ ಮಾತ್ರ ಸಾಲಲ್ಲ. ಎರಡನೇದ್ರಲ್ಲಿ ಹಾಗೆ."

ಮೂರು ಸಲ ಕೇಳಿದೆ. ಮೂರು ಸಲವೂ ಅದನ್ನೇ ಅಂದೆ ನೀನು. ಪುಸ್ತಕದಿಂದ ಬಾರಿಸಿದೆ, ಆಮೇಲೆ ಕೈಯಿಂದ. ನಿನ್ನ ತಲೆ ಮೇಜಿನ ಅಂಚಿಗೆ ಬಡಿಯಿತು. ಕಿವಿಯಿಂದ ರಕ್ತ ಹಾಳೆಯ ಮೇಲೆ ತೊಟ್ಟಿಕ್ಕಿತು, ಅದನ್ನು ನೋಡಿಯೂ ಇನ್ನೊಂದು ಬಿಗಿದೆ. ಅಡ್ಡ ಬಂದ ನಿನ್ನಮ್ಮನಿಗೂ ಬಿತ್ತು. ಅವಳ ಬಳೆ ಒಡೆದು ನನ್ನ ಅಂಗೈಗೆ ಚುಚ್ಚಿತು. ಆಮೇಲೇ ನಾನು ನಿಲ್ಲಿಸಿದ್ದು.

ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ ಕೂಸೇ. ಏಳನೇ ಕ್ಲಾಸು ಓದಿದವನು, ಲೆಕ್ಕ ತಪ್ಪು ತಿಳಿದೆ. ಶಾಫ್ಟು ಡಬ್ಬಿಗೆ ಬಿದ್ದಾಗಲೇ ನನಗೆ ಅರ್ಥವಾದದ್ದು. ನಿನ್ನಮ್ಮನಿಗೂ ಹಾಗೇ ಹೇಳಿದ್ದೇನೆ. "ತಪ್ಪಾಯ್ತು ಅಂತ ಅವಳಿಗೇ ಬರೀರಿ, ನನ್ನ ಮುಂದೆ ಏನು?" ಅಂದಳು.

ಶನಿವಾರ ನಿನ್ನನ್ನು ಪರೀಕ್ಷೆಗೆ ಕರೆದುಕೊಂಡು ಹೋಗಲು ಬರಲೇ? ಮಾತಾಡಿಸಬೇಡ, ಪರವಾಗಿಲ್ಲ. ಗೇಟಿನ ಹೊರಗೆ ನಿಂತಿರುತ್ತೇನೆ. ಒಂದು ಸಾಲು ಬರೆ.

ನಿನಗೆ ಒಳ್ಳೆಯದಾಗಲಿ, ನನಗಿಂತ ನೂರು ಪಾಲು ಮೇಲೆ ಬಾಳು.

ನಿನ್ನ ಅಪ್ಪ

ಮರುಟಿಪ್ಪಣಿ: ಬರಬೇಕೋ ಬೇಡವೋ ಹೇಳುವ ಮುಂಚೆ ಇದನ್ನೂ ಓದು. ಹಿಂದಿನ ನಾಲ್ಕು ಕಾಗದ ಹರಿದದ್ದು ಇದೇ ಮಾತಿಗೆ. ಶಾಫ್ಟಿನ ಸುದ್ದಿ ನಿಜ, ಅದರಿಂದ ಅರ್ಥವಾಯಿತು ಎಂದದ್ದು ಸುಳ್ಳು. ಅವತ್ತು ನಿನ್ನನ್ನು ಕೂರಿಸುವ ಮೊದಲೇ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡಿದ್ದೆ. ನೀನು ಹೇಳಿದ್ದು ಸರಿ ಎಂದು ಮೊದಲ ಏಟಿಗೆ ಮುಂಚೆಯೇ ನನಗೆ ಗೊತ್ತಿತ್ತು. ನಾನು ಅಷ್ಟು ಕಿರುಚಿದರೂ ನಿನ್ನ ದನಿ ನಡುಗಲಿಲ್ಲ. ಅದಕ್ಕೇ ಹೊಡೆದೆ.