ತವರಿನಿಂದ ಮೂರು ಬುಟ್ಟಿ ಮಣ್ಣು

ಗೊಟಗೋಡಿ, 12-9-1938

ಅಪ್ಪನಿಗೆ ನಿಮ್ಮ ಪಾರವ್ವನ ಶರಣು.

ಮಾವನವರು ಗುಡ್ಡದ ಬುಡದಲ್ಲಿ ಕಲ್ಲು ಒಡೆಸಿ ಮಾಡಿದ ಹೊಸ ಹೊಲದಲ್ಲಿ ಶೇಂಗಾ ಹಳದಿಯಾಗಿ ನಿಂತಿದೆ. ಮೊನ್ನೆ ಒಕ್ಕಲುತನದ ಸಾಹೇಬರು ಬಂದು ಗಿಡ ಕಿತ್ತು ನೋಡಿದರು. ಹಳೆಯ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದು, ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಉಣಿಸುತ್ತವಂತೆ. ಈ ಹೊಸ ಮಣ್ಣಿಗೆ ಅವು ಇನ್ನೂ ಬಂದಿಲ್ಲವಂತೆ. ಮುಂದಿನ ಬಿತ್ತನೆಗೆ ಮೊದಲು ಶೇಂಗಾ ಬೆಳೆದ ಹಳೆಯ ಹೊಲದ ಮಣ್ಣು ತಂದು ಚೆಲ್ಲಬೇಕಂತೆ.

“ನಾವು ಲಿಂಗ ಕಟ್ಟಿದವರು. ಅವು ಮಾಂಸಾ ತಿಂತಾವೇನ್ರಿ?” ಎಂದು ಅತ್ತೆ ಕೇಳಿದರು.

“ಇಲ್ಲ ಬೇ ಯವ್ವಾ, ಗಾಳಿ ತಿಂತಾವ” ಎಂದರು ಸಾಹೇಬರು.

“ಹಂಗಾರ ಬರ್ಲಿ ಬಿಡ್ರಿ.”

ಮಣ್ಣಿನ ಹಿಂದೆ ಬೆಳೆಯೂ ಹೋದೀತೆಂದು ಊರಲ್ಲಿ ಯಾರೂ ಕೊಡಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, “ನಿಮ್ಮಪ್ಪಾರು ಕೊಡ್ತಾರೇನವಾ?” ಎಂದರು. ಮದುವೆಯಾದಾಗಿನಿಂದ ಬಾಯಿ ಬಿಡದ ನಾನು “ಹೂಂರಿ” ಎಂದುಬಿಟ್ಟೆ. ಹೊಲ ದಾಟುವಾಗ ನಮ್ಮ ಕಾಲಿನ ಮಣ್ಣನ್ನೂ ಝಾಡಿಸಿಕೊಳ್ಳುವವರು ನೀವೆಂಬುದು ಆಮೇಲೆ ನೆನಪಾಯಿತು.

ನನ್ನ ಕೆಮ್ಮು ಹೋಗಿದೆ. ಬರುವ ಸೋಮವಾರ ನಮ್ಮ ತಿಳವಳ್ಳಿಗೆ ಇವರ ಗಾಡಿ ಬರುತ್ತದೆ. ದಯಮಾಡಿ ಮೂರು ಬುಟ್ಟಿ ತುಂಬಿಸಿರಿ. ಮೇಲೆ ನಾಲ್ಕು ಉಂಡಿ ಇಡಲು ಅವ್ವನಿಗೆ ಹೇಳಿರಿ. ತವರಿನ ಬುಟ್ಟಿ ಬಂದರೆ ಇಲ್ಲಿ ಓಣಿಯವರೆಲ್ಲ ಬಿಚ್ಚಿ ನೋಡುತ್ತಾರೆ.